ಗೂಬೆಯ ಮೇಲೇ ಗೂಬೆ ಕೂರಿಸಿದ ಕಥೆ

ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ನಾವು ‘ಗೂಬೆ ಕೂರಿಸೋದು’ ಅಂತೀವಿ. ಪಾಪ, ಆ ಹಕ್ಕಿಗೆ ಇದೆಲ್ಲ ಎಲ್ಲಿ ಗೊತ್ತು! ಆದರೆ ಒಂದು ಗೂಬೆಯ ಮೇಲೇ ಇನ್ನೊಂದು ಗೂಬೆಯ ಹೆಸರು ಕೂರಿಸಿ, 32 ವರ್ಷ ಹಾಗೇ ಬಿಟ್ಟಿದ್ದ ಕಥೆ ಕೇಳಿದ್ದೀರಾ? ಗ್ರೇಟ್ ನಿಕೋಬಾರ್ ದ್ವೀಪದ ಬಗ್ಗೆ ಓದುತ್ತಾ ಹೋದಾಗ ನನಗೆ ಸಿಕ್ಕಿದ ಕಥೆ ಇದು.

ನಿಕೋಬಾರ್ ದ್ವೀಪಗಳಲ್ಲಿ ಇದೇ ದೊಡ್ಡದು, ಎಲ್ಲಕ್ಕಿಂತ ದಕ್ಷಿಣದ್ದು. ಸುಮಾರು 910 ಚದರ ಕಿ.ಮೀ. ಬಹುಪಾಲು ದಟ್ಟ ಮಳೆಕಾಡು. ಶೋಂಪೆನ್ ಮತ್ತು ನಿಕೋಬಾರಿ ಜನರ ನೆಲ. ಚೆನ್ನೈಗಿಂತ ಸುಮಾತ್ರವೇ ಅದಕ್ಕೆ ಹತ್ತಿರ.

1966ರಲ್ಲಿ ಅಲ್ಲಿಗೆ ಹೋದವರು ಹುಮಾಯೂನ್ ಅಬ್ದುಲಾಲಿ. ಸಲೀಂ ಅಲಿಯವರ ಸಂಬಂಧಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೊಡ್ಡ ಹೆಸರು. ಕ್ಯಾಂಪ್‌ಬೆಲ್ ಬೇ ಹತ್ತಿರ ಅವರಿಗೆ ಗೇಣುದ್ದದ ಒಂದು ಕಂದು ಗೂಬೆ ಸಿಕ್ಕಿತು. ಸಿಕ್ಕಿತು ಅಂದರೆ ಆ ಕಾಲದ ರೀತಿಯಲ್ಲಿ: ಕೊಂದು, ಚರ್ಮ ಬಿಡಿಸಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟುವುದು. 1977ರಲ್ಲಿ ಅದೇ ಕಡೆಯಿಂದ ಇನ್ನೊಂದು ಬಂತು. ನಿಕೋಬಾರಿನ ಸ್ಕಾಪ್ಸ್ ಗೂಬೆಯೊಂದಕ್ಕೆ 19ನೇ ಶತಮಾನದಲ್ಲೇ ಎ.ಓ. ಹ್ಯೂಮ್ ಹೆಸರಿಟ್ಟಿದ್ದರು (ಹೌದು, 1885ರಲ್ಲಿ ಕಾಂಗ್ರೆಸ್ ಕಟ್ಟಿದ ಹ್ಯೂಮ್ ಅವರೇ!). ಹೊಸ ಹಕ್ಕಿಗಳೂ ಆ ಹೆಸರಿನಡಿಯೇ ಸೇರಿದವು. ಅಬ್ದುಲಾಲಿಯವರನ್ನು ದೂರಲು ನನಗೆ ಮನಸ್ಸಿಲ್ಲ. ಈ ಪುಟ್ಟ ಗೂಬೆಗಳೆಲ್ಲ ನೋಡಲು ಒಂದೇ ಥರ. ದನಿ ಕೇಳದೆ ಬರೀ ಚರ್ಮ ನೋಡಿ ಬೇರೆ ಮಾಡುವುದು ಹುಡುಗಾಟವಲ್ಲ.

1990ರ ದಶಕದಲ್ಲಿ ಪಮೇಲಾ ರಾಸ್ಮುಸೆನ್ ಎಂಬ ಅಮೆರಿಕನ್ ವಿಜ್ಞಾನಿ ದಕ್ಷಿಣ ಏಷ್ಯಾದ ಹಕ್ಕಿಗಳ ಪುಸ್ತಕಕ್ಕಾಗಿ ಮ್ಯೂಸಿಯಂಗಳ ಹಳೇ ಚರ್ಮಗಳನ್ನು ಮತ್ತೆ ಪರೀಕ್ಷಿಸುತ್ತಿದ್ದರು. ಚೀಟಿಯಲ್ಲಿ ಬರೆದದ್ದನ್ನು ಸುಮ್ಮನೆ ನಂಬುವವರಲ್ಲ ಆಕೆ. ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಕರ್ನಲ್ ಬೇರೆಯವರ ಹಕ್ಕಿ ಕದ್ದು ತನ್ನ ಚೀಟಿ ಕಟ್ಟಿದ್ದನ್ನು ಬಯಲಿಗೆಳೆದವರಲ್ಲಿ ಒಬ್ಬರು. ಆ ಸುಳ್ಳು ಚೀಟಿಯನ್ನು ಪಕ್ಕಕ್ಕಿಟ್ಟು ಹುಡುಕಿದ್ದರಿಂದಲೇ, 1884ರ ನಂತರ ಕಾಣದಿದ್ದ ಕಾಡುಗೂಬೆ 1997ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಸಿಕ್ಕಿದ್ದು. (ಇದೊಂದು ಪತ್ತೇದಾರಿ ಕಾದಂಬರಿಯೇ. ಇನ್ನೊಮ್ಮೆ ಬರೆಯುತ್ತೇನೆ.)

ಅದರ ಮರುವರ್ಷ, 1998ರಲ್ಲಿ, ನಿಕೋಬಾರಿನ ಆ ಎರಡು ಚರ್ಮಗಳು ಬೇರೆಯೇ ಪ್ರಭೇದ ಎಂದು ಆಕೆ ಪ್ರಕಟಿಸಿದರು. ಇಟ್ಟ ಹೆಸರು ‘ಓಟಸ್ ಏಲಿಯಸ್’. ಲ್ಯಾಟಿನ್ನಿನಲ್ಲಿ ಏಲಿಯಸ್ ಅಂದರೆ ‘ಇನ್ನೊಂದು’, ‘ಬೇರೆಯದು’. ಎಷ್ಟು ಸರಿಯಾದ ಹೆಸರು ನೋಡಿ! ಅದರ ಊಟದ ವಿಷಯ ಗೊತ್ತಾದದ್ದೂ ಸತ್ತ ಹಕ್ಕಿಗಳ ಹೊಟ್ಟೆಯಿಂದಲೇ: ಜೇಡ, ಜೀರುಂಡೆ, ಹಲ್ಲಿ.

ನನ್ನನ್ನು ಕಾಡಿದ್ದು ನಡುವಿನ ಆ 32 ವರ್ಷ. ಹೆಸರಿಲ್ಲದ ಹಕ್ಕಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರೂ ಎಣಿಸುವುದಿಲ್ಲ. ಅದು ಹೀಗೆ ಅನಾಮಿಕವಾಗಿದ್ದಾಗಲೇ, 1969ರಿಂದ, ಸರ್ಕಾರ ನಿವೃತ್ತ ಸೈನಿಕರ ಕುಟುಂಬಗಳನ್ನು ಅಲ್ಲಿಗೆ ಕಳಿಸಿತು. ಪೂರ್ವ ಕರಾವಳಿಯಲ್ಲಿ ಕಾಡು ಕಡಿದು ಹಳ್ಳಿಗಳಾದವು. ಹೆಸರು ಸಿಕ್ಕಿ ಆರು ವರ್ಷಕ್ಕೆ, 2004ರ ಡಿಸೆಂಬರ್ 26ರಂದು, ಸುನಾಮಿ. ದ್ವೀಪದ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು, ಕರಾವಳಿಯ ಕಾಡಿಗೆ ಸಮುದ್ರ ನುಗ್ಗಿತು.

2022ರಲ್ಲಿ ಅದೇ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ, ಟೌನ್‌ಶಿಪ್, ವಿದ್ಯುತ್ ಸ್ಥಾವರಕ್ಕೆ ಪರಿಸರ ಅನುಮತಿ ಸಿಕ್ಕಿತು. ಬಿಟ್ಟುಕೊಡುವ ಕಾಡು 130.75 ಚದರ ಕಿ.ಮೀ. ಕಡಿಯಬೇಕಾದ ಮರಗಳು 9.64 ಲಕ್ಷ ಎಂದು 2023ರಲ್ಲಿ ಸರ್ಕಾರವೇ ಸಂಸತ್ತಿಗೆ ಅಂದಾಜು ಕೊಟ್ಟಿತು. ದೇಶದ ರಕ್ಷಣೆಗೆ ಬೇಕು ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಮರಗಳನ್ನು ಎಣಿಸಿದ ಹಾಗೆ ಈ ಗೂಬೆಗಳನ್ನು ಯಾರೂ ಎಣಿಸಿಲ್ಲ. 1998ರಲ್ಲಿ ಅದಕ್ಕೆ ಹೆಸರು ಕೊಟ್ಟ ಆ ಎರಡೂ ಹಕ್ಕಿಗಳ ವಿಳಾಸ ಕ್ಯಾಂಪ್‌ಬೆಲ್ ಬೇ ಸುತ್ತಮುತ್ತ. ಯೋಜನೆ ಬರುತ್ತಿರುವುದೂ ಅಲ್ಲಿಂದ ದಕ್ಷಿಣಕ್ಕೆ, ಅದೇ ಕರಾವಳಿಯಲ್ಲಿ.