ಹಳೆಯ ಮನೆಗಾಡಿ ಮತ್ತು ಅದನ್ನು ಬದುಕಿಸಿದ ಪುಸ್ತಕ

ಸಂಸಾರ ಸಮೇತ ದಾರಿಯಲ್ಲೇ ಬದುಕುವುದು ನಮ್ಮವರಿಗೆ ಹೊಸದಲ್ಲ. ನಮ್ಮ ಲಂಬಾಣಿಗರ ಹಿರಿಯರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶವನ್ನೇ ಸುತ್ತಿದವರು. ಇಪ್ಪತ್ತನೇ ಶತಮಾನದಲ್ಲಿ ಯುರೋಪು, ಅಮೆರಿಕದ ಸಾಮಾನ್ಯ ಜನರೂ ಇದೇ ಆಸೆಗೆ ಬಿದ್ದರು. ಅವರಿಗೆ ಸಿಕ್ಕಿದ್ದು ಎತ್ತಲ್ಲ, ಒಂದು ವ್ಯಾನು. ಆ ವ್ಯಾನಿನ ಕಥೆಯಲ್ಲಿ ಕನ್ನಡ ಮಾಧ್ಯಮದವರಾದ ನಮಗೆ ಒಂದು ಪಾಠವಿದೆ. ಅದಕ್ಕೇ ಈ ಬರಹ.

1947ರ ಏಪ್ರಿಲ್‌ನಲ್ಲಿ ಬೆನ್ ಪೊನ್ ಎಂಬ ಡಚ್ ವ್ಯಾಪಾರಿ ಜರ್ಮನಿಯ ವೋಲ್ಫ್ಸ್‌ಬರ್ಗ್‌ನ ಫೋಕ್ಸ್‌ವ್ಯಾಗನ್ ಕಾರ್ಖಾನೆಗೆ ಹೋಗಿದ್ದರು. ಅಲ್ಲಿ ಸಾಮಾನು ಸಾಗಿಸಲು ಕೆಲಸಗಾರರೇ ಜೋಡಿಸಿಕೊಂಡಿದ್ದ ಗಾಡಿಯೊಂದು ಅವರ ಕಣ್ಣಿಗೆ ಬಿತ್ತು. ಜೇಬಿನ ಪುಸ್ತಕ ತೆಗೆದು ಬ್ರೆಡ್ ತುಂಡಿನಂಥ ಒಂದು ಪೆಟ್ಟಿಗೆ ಗೀಚಿದರು: ಮುಂದೆ ಚಾಲಕ, ಹಿಂದೆ ಎಂಜಿನ್, ನಡುವೆ ಖಾಲಿ ಜಾಗ. 1950ರ ಮಾರ್ಚ್‌ನಲ್ಲಿ ಆ ವ್ಯಾನಿನ ತಯಾರಿಕೆ ಶುರುವಾಯಿತು. ಆಗಿನ ಎಂಜಿನ್ನಿನ ಶಕ್ತಿ ಬರೀ 25 ಅಶ್ವಶಕ್ತಿ! ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಜರ್ಮನ್ ಕಂಪನಿ ಆ ಖಾಲಿ ಜಾಗದಲ್ಲಿ ಮಲಗುವ ಹಾಸಿಗೆ, ಬೀರು ಕೂರಿಸಿಕೊಡತೊಡಗಿತು. ಮನೆಗಾಡಿ ಹುಟ್ಟಿತು.

ಹೊಸ ಗಾಡಿ ಕೊಳ್ಳುವಷ್ಟು ಹಣ ಯುವಕರ ಬಳಿ ಎಲ್ಲಿರಬೇಕು? ಅವರು ಕೊಂಡದ್ದು ಹಳೆಯದನ್ನೇ. 1970ರ ದಶಕದಲ್ಲಿ ಲಂಡನ್ನಿನ ಆಸ್ಟ್ರೇಲಿಯಾ ಹೌಸ್ ಹೊರಗಿನ ರಸ್ತೆ ಹಳೆಯ ವ್ಯಾನುಗಳ ಸಂತೆಯೇ ಆಗಿತ್ತು. ಪ್ರವಾಸ ಮುಗಿಸಿದವರು ಮಾರಿ ಊರಿಗೆ ಹೋಗುವರು, ಹೊಸದಾಗಿ ಬಂದವರು ಅದನ್ನೇ ಕೊಂಡು ಹೊರಡುವರು. ಆದರೆ ಹತ್ತು ವರ್ಷ ಓಡಿದ ಗಾಡಿಯ ಒಳಗೇನಿದೆ ಎಂದು ತಿಳಿಯುವುದು ಹೇಗೆ? ರಿಪೇರಿ ಪುಸ್ತಕಗಳಿದ್ದವು ನಿಜ. ಅವು ಮೆಕ್ಯಾನಿಕ್‌ಗಳಿಗಾಗಿ ಬರೆದವು. ಇಂಗ್ಲಿಷೇ ಮನೆಮಾತಾದವರಿಗೂ ಆ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ!

ಈ ಗೋಡೆಯನ್ನು ಒಡೆದವರು ಅಮೆರಿಕದ ಜಾನ್ ಮ್ಯೂರ್. ಇವರು ಎಂಜಿನಿಯರ್ ಕೆಲಸ ಬಿಟ್ಟು ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಫೋಕ್ಸ್‌ವ್ಯಾಗನ್ ರಿಪೇರಿಗೆ ಇಳಿದಿದ್ದವರು. 1969ರಲ್ಲಿ ತಾವೇ ಒಂದು ಪುಸ್ತಕ ಪ್ರಕಟಿಸಿದರು: 'ಹೌ ಟು ಕೀಪ್ ಯುವರ್ ಫೋಕ್ಸ್‌ವ್ಯಾಗನ್ ಅಲೈವ್'. ಏನೂ ಗೊತ್ತಿಲ್ಲದ ಪೆದ್ದನಿಗಾಗಿ ಎಂದು ಅದರ ಉಪಶೀರ್ಷಿಕೆಯೇ ಹೇಳುತ್ತದೆ. ಪೀಟರ್ ಆಶ್ವಾಂಡನ್ ಎಂಬ ಕಲಾವಿದರು ಎಂಜಿನ್ನಿನ ಪ್ರತಿ ಭಾಗವನ್ನೂ ಬಿಡಿಸಿ ಚಿತ್ರ ಬರೆದರು. ಪಕ್ಕದಲ್ಲಿ ಕುಳಿತ ಅಣ್ಣನೊಬ್ಬ ಈಗ ಇದನ್ನು ಬಿಚ್ಚು, ಈಗ ಅದನ್ನು ಒರೆಸು ಎಂದು ಹೇಳಿಕೊಡುವಂತಿದೆ ಅದರ ಭಾಷೆ. ಮುಂದೆ ಅದರ 20 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಹಳೆಯ ಗಾಡಿ ಕೊಳ್ಳುವ ಮೊದಲು ಏನು ನೋಡಬೇಕೆಂಬುದಕ್ಕೂ ಅದರಲ್ಲಿ ಜಾಗವಿದೆ. ಎಂಜಿನ್ ಆರಿಸಿ, ಫ್ಯಾನ್ ಬೆಲ್ಟ್ ಸುತ್ತಿರುವ ಕೆಳಗಿನ ಪುಲ್ಲಿಯನ್ನು ಕೈಯಿಂದ ಹಿಂದೆ ಮುಂದೆ ಎಳೆದು ನೋಡಬೇಕು. ಟಕ್ ಟಕ್ ಎಂದು ಆಡಿದರೆ ಒಳಗಿನ ಬೇರಿಂಗ್ ಸವೆದಿದೆ ಎಂದರ್ಥ. ಇಂಥ ವ್ಯಾನುಗಳಿಗೆ ಇನ್ನೊಂದು ಶತ್ರು ತುಕ್ಕು. ಬಾಗಿಲ ಕೆಳಗಿನ ಅಂಚು ಮತ್ತು ಬ್ಯಾಟರಿ ಕೂರುವ ತಗಡು ಮೊದಲು ತಿಂದುಹೋಗುವ ಜಾಗಗಳು. ಎಂಜಿನ್ ಕೆಟ್ಟರೆ ಬೇರೆ ಕೂರಿಸಬಹುದು, ಮೈಯೇ ಕೊಳೆತರೆ ಖರ್ಚಿಗೆ ಕೊನೆಯಿಲ್ಲ.

ಕೊಂಡ ಮೇಲೆ ನಿಜವಾದ ಶಾಲೆ ಶುರು. ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ಗಾಳಿ ಮತ್ತು ಎಣ್ಣೆಯೇ ಅದನ್ನು ತಂಪಾಗಿಡಬೇಕು. ಹಿಡಿಯುವುದು ಸುಮಾರು ಎರಡೂವರೆ ಲೀಟರ್ ಎಣ್ಣೆ ಮಾತ್ರ. ಒಳಗಿರುವುದು ಬರೀ ಜಾಲರಿ, ಫಿಲ್ಟರ್ ಇಲ್ಲ. ಆದ್ದರಿಂದ 3,000 ಮೈಲಿಗೆ, ಅಂದರೆ ಸುಮಾರು 5,000 ಕಿ.ಮೀ.ಗೆ ಒಮ್ಮೆ ಎಣ್ಣೆ ಬದಲಿಸಲೇಬೇಕು. ಆಗಲೇ ಟ್ಯಾಪೆಟ್ ಸಂದನ್ನೂ ನೋಡಬೇಕು. 1,600 ಸಿಸಿ ಎಂಜಿನ್ನಿಗೆ ಈ ಸಂದು 0.15 ಮಿ.ಮೀ., ಅದೂ ಎಂಜಿನ್ ಪೂರ್ತಿ ತಣ್ಣಗಿರುವಾಗ. ಇಷ್ಟು ಸಣ್ಣ ಸಂದಿಗೆ ಇಷ್ಟೊಂದು ಮಹತ್ವವೇಕೆ? ವಾಲ್ವ್ ತನ್ನ ಪೀಠದ ಮೇಲೆ ಕುಳಿತ ಕ್ಷಣದಲ್ಲೇ ಅದರ ಶಾಖ ಇಳಿಯುವುದು. ಸಂದು ಇಲ್ಲವಾದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಬಿಸಿ ಅನಿಲ ನುಸುಳಿ ಅದರ ಅಂಚು ಸುಟ್ಟುಹೋಗುತ್ತದೆ. ಫ್ಯಾನ್ ಬೆಲ್ಟ್ ಹರಿದರೂ ಅಷ್ಟೆ, ಡೈನಮೋದ ಕೆಂಪು ದೀಪ ಹತ್ತಿದ ತಕ್ಷಣ ಗಾಡಿ ನಿಲ್ಲಿಸಬೇಕು. ಕಾರಣ ತಿಳಿದವನು ನಿಲ್ಲಿಸುತ್ತಾನೆ, ತಿಳಿಯದವನು ದೀಪವಷ್ಟೇ ಅಲ್ಲವೇ ಎಂದು ಓಡಿಸುತ್ತಾನೆ.

ಇಂಥ ಗಾಡಿಗಳಲ್ಲಿ ಅನೇಕರು ಇಸ್ತಾಂಬುಲ್, ಟೆಹರಾನ್, ಹೆರಾತ್, ಕಾಬೂಲ್, ಖೈಬರ್ ಕಣಿವೆ, ಲಾಹೋರ್ ದಾಟಿ ದೆಹಲಿಗೆ, ಅಲ್ಲಿಂದ ನಾವಿರುವ ಈ ಗೋವಾಕ್ಕೆ ಬಂದರು. 1972ರಲ್ಲಿ ಟೋನಿ ಮತ್ತು ಮೌರೀನ್ ವೀಲರ್ ದಂಪತಿ 65 ಪೌಂಡ್ ಕೊಟ್ಟು ಹಳೆಯ ಪುಟ್ಟ ವ್ಯಾನೊಂದನ್ನು ಕೊಂಡು ಅಫ್ಘಾನಿಸ್ತಾನದವರೆಗೆ ಓಡಿಸಿ ಕಾಬೂಲಿನಲ್ಲಿ ಮಾರಿದರು. ಲೋನ್ಲಿ ಪ್ಲಾನೆಟ್ ಪ್ರವಾಸಿ ಪುಸ್ತಕಗಳು ಹುಟ್ಟಿದ್ದು ಆ ಪ್ರಯಾಣದಿಂದಲೇ. ಭಾರತಕ್ಕೆ ತಂದ ಗಾಡಿಯನ್ನು ಮಾತ್ರ ಹಾಗೆ ಮಾರುವಂತಿರಲಿಲ್ಲ. ಮರಳಿ ಒಯ್ಯುತ್ತೇವೆಂಬ ಸುಂಕದ ಖಾತರಿ ಪತ್ರದ ಮೇಲೆ ಅದು ಬಂದಿರುತ್ತಿತ್ತು. ಅಂದರೆ ಹಿಂದಕ್ಕೂ ಅಷ್ಟೇ ದೂರ ಓಡಬೇಕು! 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶದಿಂದ ಆ ದಾರಿ ಮುಚ್ಚಿತು. ಆ ಕಾಲದ ನೆನಪಾಗಿ ಅಂಜುನಾದ ಬುಧವಾರದ ಸಂತೆ ಉಳಿಯಿತು. ಅಲ್ಲಿ ಕಸೂತಿ ಬಟ್ಟೆ, ಮಣಿಸರ ಹರಡಿಕೊಂಡು ಕೂತವರಲ್ಲಿ ಉತ್ತರ ಕರ್ನಾಟಕದಿಂದ ಬಂದ ಲಂಬಾಣಿ ತಾಯಂದಿರೂ ಇದ್ದಾರೆ. ದಾರಿಯ ಜನ ದಾರಿಯ ಜನರನ್ನು ಕಂಡ ಸ್ಥಳವದು.

ಈಗ ನಮ್ಮ ಮಾತಿಗೆ ಬರೋಣ. ಯಂತ್ರದ ವಿದ್ಯೆ ಇಂಗ್ಲಿಷಿನಲ್ಲಿ ಮಾತ್ರ ಇದೆ, ಕನ್ನಡ ಶಾಲೆಯ ಮಕ್ಕಳಿಗೆ ಅದು ದಕ್ಕದು ಎಂಬ ಮಾತನ್ನು ಪಾಲಕರಿಂದ ನಾವು ಕೇಳುತ್ತಲೇ ಇದ್ದೇವೆ. ಆ ಭಯದಿಂದಲೇ ಮಕ್ಕಳನ್ನು ಬೇರೆ ಶಾಲೆಗೆ ಒಯ್ಯುವವರೂ ಇದ್ದಾರೆ. ಮ್ಯೂರ್ ಕಥೆ ಬೇರೆಯೇ ಹೇಳುತ್ತದೆ. ಇಂಗ್ಲಿಷ್ ಬಲ್ಲವರಿಗೂ ಎಂಜಿನ್ ಅರ್ಥವಾದದ್ದು ಯಾರೋ ಒಬ್ಬರು ಅದನ್ನು ಅವರ ದಿನದ ಮಾತಿನಲ್ಲಿ ಬರೆದಾಗ. ನಮ್ಮ ಗ್ಯಾರೇಜುಗಳಲ್ಲಿ ಆ ಮಾತು ಆಗಲೇ ಇದೆ. ಪಾನಾ, ನಟ್ಟು, ಬೋಲ್ಟು, ಟ್ಯಾಪೆಟ್ಟು ಎಂದು ಕನ್ನಡದಲ್ಲೇ ಶಿಷ್ಯನಿಗೆ ಕಲಿಸುವ ಉಸ್ತಾದರಿದ್ದಾರೆ. ಟ್ಯಾಪೆಟ್ಟಿಗೆ ಸಂಸ್ಕೃತದ ಉದ್ದ ಪದ ಹುಡುಕುವ ಅಗತ್ಯವಿಲ್ಲ. ಅವರ ಮಾತನ್ನು ಕಾಗದಕ್ಕೆ ಇಳಿಸುವ ಕೈ ಬೇಕು, ಅಷ್ಟೆ.

ಶಿಕ್ಷಕ ಮಿತ್ರರೇ, ನಿಮ್ಮ ಶಾಲೆಯ ಮಕ್ಕಳ ತಂದೆಯರಲ್ಲಿ ಮೆಕ್ಯಾನಿಕ್‌ಗಳು, ಚಾಲಕರು ಇದ್ದೇ ಇರುತ್ತಾರೆ. ಒಂದು ಶನಿವಾರ ಅವರನ್ನು ತರಗತಿಗೆ ಕರೆಯಿರಿ. ಅವರು ಹೇಳಲಿ, ಮಕ್ಕಳು ಚಿತ್ರ ಸಹಿತ ಬರೆಯಲಿ. ಎರಡೇ ಪುಟವಾದರೂ ಸಾಕು, ಕನ್ನಡದಲ್ಲಿ ಒಂದು ಎಂಜಿನ್ ಬದುಕಿಕೊಂಡಂತೆ.