ಕಾರ್ಲೈಲ್ ಹುಡುಗರ 1912: ಒಂದು ಫುಟ್‌ಬಾಲ್ ಋತುವಿನ ಮರುಓದು

1912ರ ನವೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್‌ನಲ್ಲಿ ಅಮೆರಿಕದ ಸೈನಿಕ ಅಕಾಡೆಮಿಯ ತಂಡವನ್ನು ಮೂಲನಿವಾಸಿ ಮಕ್ಕಳ ಕಾರ್ಲೈಲ್ ಇಂಡಿಯನ್ ಶಾಲೆಯ ತಂಡ 27–6ರಿಂದ ಸೋಲಿಸಿತು. ಈ ಗೆಲುವಿನ ಬಗ್ಗೆ ಬರೆದವರು ಸಾಮಾನ್ಯವಾಗಿ ಎರಡೇ ಮಾತು ಹೇಳುತ್ತಾರೆ: ಅದು ಕಾರ್ಲೈಲ್‌ನ ತಾರಾ ಆಟಗಾರ ಜಿಮ್ ಥೋರ್ಪ್ ಅವರ ಮೈಬಲ; ಅದು ಅಮೆರಿಕದ ಸೇನೆ ಮೂಲನಿವಾಸಿಗಳನ್ನು ಕೊಂದ 1890ರ ವೂಂಡೆಡ್ ನೀ ಹತ್ಯಾಕಾಂಡಕ್ಕೆ ತೀರಿಸಿಕೊಂಡ ಸೇಡು. ಎರಡರಲ್ಲೂ ಹುರುಳಿದೆ. ಆದರೆ ಆ ಋತುವಿನ ಪಂದ್ಯಪಟ್ಟಿಯನ್ನೂ ಆ ವರ್ಷ ಬದಲಾದ ನಿಯಮಗಳನ್ನೂ ಜೊತೆಗಿಟ್ಟು ಓದಿದರೆ ಮುಖ್ಯವಾಗಿ ಕಾಣುವುದು ಇನ್ನೊಂದು: ಹಗುರ ಮೈಯ ಹುಡುಗರು ಬುದ್ಧಿಯಿಂದ ಕಟ್ಟಿದ ಆಟ, ಮತ್ತು ಅದರ ಫಲ ಬೇರೆಯವರ ಕೈ ಸೇರಿದ್ದು.

ಕಾರ್ಲೈಲ್ ನಿಜಕ್ಕೂ ಕಾಲೇಜಲ್ಲ. ಪೆನ್ಸಿಲ್ವೇನಿಯಾದ ಹಳೆಯ ಸೇನಾ ಬ್ಯಾರಕ್ಕುಗಳಲ್ಲಿ ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರ್ಯಾಟ್ 1879ರಲ್ಲಿ ತೆರೆದ ವಸತಿ ಶಾಲೆ ಅದು. ಮೂಲನಿವಾಸಿ ಮಕ್ಕಳನ್ನು ದೂರದ ಊರುಗಳಿಂದ ತಂದು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿ ಬಿಡಿಸಿ, ಕೈಕೆಲಸ ಕಲಿಸುತ್ತಿದ್ದರು. ಆಟಗಾರನೊಬ್ಬನ ಕಾಲು ಮುರಿದಾಗ ಪ್ರ್ಯಾಟ್ ಹೊರಗಿನ ತಂಡಗಳೊಡನೆ ಫುಟ್‌ಬಾಲ್ ಆಡುವುದನ್ನೇ ನಿಲ್ಲಿಸಿದ್ದರು. ಹುಡುಗರೇ ಹೋಗಿ ಕೇಳಿ ಮತ್ತೆ ಅನುಮತಿ ಪಡೆದರು. ಆ ಶಾಲೆಯಲ್ಲಿ ಮಕ್ಕಳು ತಾವಾಗಿ ಬೇಡಿ ಪಡೆದದ್ದು ಬಹಳ ಕಡಿಮೆ. ಫುಟ್‌ಬಾಲ್ ಅವುಗಳಲ್ಲೊಂದು ಎಂಬುದನ್ನು ಇತಿಹಾಸಕಾರರು ಇನ್ನಷ್ಟು ಗಮನಿಸಬೇಕಿತ್ತು.

ಇಲ್ಲಿ ಹೇಳುತ್ತಿರುವುದು ನಾವು ಕಾಲ್ಚೆಂಡು ಎನ್ನುವ ಆಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. 1912ರಲ್ಲಿ ಅದರ ನಿಯಮಗಳು ಬದಲಾದವು. ಮೈದಾನ 110 ಗಜದಿಂದ 100 ಗಜಕ್ಕೆ ಇಳಿಯಿತು. 10 ಗಜ ಮುನ್ನಡೆಯಲು ಮೂರರ ಬದಲು ನಾಲ್ಕು ಅವಕಾಶ ಸಿಕ್ಕವು. ಎದುರಾಳಿಯ ತುದಿಗೆರೆಯಾಚೆ ಚೆಂಡು ಒಯ್ಯುವ ಟಚ್‌ಡೌನ್‌ಗೆ 5ರ ಬದಲು 6 ಅಂಕ. ಮುಂದಕ್ಕೆ ಎಸೆಯುವ ಪಾಸ್‌ಗಿದ್ದ 20 ಗಜದ ಮಿತಿಯೂ ಹೋಯಿತು. ತೂಕದಿಂದ ನುಗ್ಗುವ ತಂಡಗಳಿಗಿಂತ ಓಡುವ ತಂಡಗಳಿಗೆ ಇದು ಒದಗಿ ಬಂತು.

ಕೋಚ್ ಗ್ಲೆನ್ ‘ಪಾಪ್’ ವಾರ್ನರ್ ಇದಕ್ಕೆ ತಕ್ಕ ವ್ಯೂಹವೊಂದನ್ನು ರೂಪಿಸಿದರು. ಹಿಂದೆ ನಿಲ್ಲುತ್ತಿದ್ದ ಇಬ್ಬರು ಹಾಫ್‌ಬ್ಯಾಕ್‌ಗಳನ್ನು ಮುಂಚೂಣಿ ಸಾಲಿನ ಎರಡು ತುದಿಗಳ ಹತ್ತಿರಕ್ಕೆ ತಂದು ನಿಲ್ಲಿಸಿದ ಈ ‘ಡಬಲ್ ವಿಂಗ್’ನಲ್ಲಿ ಚೆಂಡು ಯಾವ ಕಡೆಗೆ ಹೋಗುತ್ತದೆ, ಯಾರ ಕೈಯಲ್ಲಿದೆ ಎಂದು ಎದುರಾಳಿಗೆ ಬೇಗ ತಿಳಿಯುತ್ತಿರಲಿಲ್ಲ. ವೆಸ್ಟ್ ಪಾಯಿಂಟ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಆಟ ನಡೆಸಿದರು. ಥೋರ್ಪ್ ಓಡುತ್ತಾರೆಂದು ಕೆಡೆಟ್‌ಗಳು ಅತ್ತ ಮುಗಿಬಿದ್ದರೆ ಇತ್ತ ಜೊತೆಗಾರ ಅಲೆಕ್ಸ್ ಅರ್ಕಾಸಾಗೆ ದಾರಿ ತೆರೆಯುತ್ತಿತ್ತು. ಕಾರ್ಲೈಲ್‌ನ ಜೋ ಗಯಾನ್ ಅವರ ಎದುರು ತಾಳ್ಮೆಗೆಟ್ಟ ಸೇನಾ ತಂಡದ ನಾಯಕ ಲೇಲ್ಯಾಂಡ್ ಡೆವೊರ್ ಅವರನ್ನು ಮೈದಾನದಿಂದ ಹೊರಗೆ ಕಳುಹಿಸಲಾಯಿತು. ಮುಂದೆ ಅಧ್ಯಕ್ಷರಾದ ಡ್ವೈಟ್ ಐಸೆನ್‌ಹೋವರ್ ಕೂಡ ಅಂದು ಸೋತವರ ಕಡೆ ಆಡಿದ್ದರು. ಥೋರ್ಪ್ ಒಬ್ಬರೇ ಗೆಲ್ಲಿಸಿದರು ಎಂಬ ಮಾತು ಜೊತೆಗಾರರಿಗೆ ಮಾಡುವ ಅನ್ಯಾಯ.

ಪಂದ್ಯಪಟ್ಟಿ ಇನ್ನೊಂದು ಕಥೆ ಹೇಳುತ್ತದೆ. ಅಕ್ಟೋಬರ್ 26ರಂದು ಜಾರ್ಜ್‌ಟೌನ್ ಎದುರು 34–20, ಎರಡೇ ದಿನದಲ್ಲಿ ಕೆನಡಾದ ಟೊರೊಂಟೊದಲ್ಲಿ 49–1, ಆಮೇಲೆ ಲೀಹೈ, ಅದಾದ ವಾರಕ್ಕೆ ವೆಸ್ಟ್ ಪಾಯಿಂಟ್. ದೊಡ್ಡ ಊರುಗಳಲ್ಲಿ ಟಿಕೆಟ್ ಹಣ ಹೆಚ್ಚು. ಹಾಗಾಗಿ ಹುಡುಗರು ರೈಲಿನಲ್ಲೇ ಋತು ಕಳೆದರು. ನವೆಂಬರ್ 16ರಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ 34–26ರಿಂದ ಸೋತದ್ದರಲ್ಲಿ ಈ ದಣಿವಿನ ಪಾಲೂ ಇದ್ದಿರಬೇಕೆಂಬುದು ನನ್ನ ಊಹೆ. ಆದರೂ ಲೆಕ್ಕ ಬೆರಗು ಹುಟ್ಟಿಸುತ್ತದೆ: 14 ಪಂದ್ಯ, 12 ಗೆಲುವು, ಒಂದು ಸಮ, ಒಂದು ಸೋಲು, 504 ಅಂಕ.

ಋತು ಮುಗಿದು ಎರಡು ತಿಂಗಳು ಕಳೆಯುವುದರೊಳಗೆ, ಥೋರ್ಪ್ ಹಿಂದೊಮ್ಮೆ ಸಂಬಳ ಪಡೆದು ಬೇಸ್‌ಬಾಲ್ ಆಡಿದ್ದರೆಂಬ ಸುದ್ದಿ ಹೊರಬಿತ್ತು. ಹವ್ಯಾಸಿಗಳಷ್ಟೇ ಸ್ಪರ್ಧಿಸಬಹುದೆಂಬ ನಿಯಮ ಮುಂದಿಟ್ಟು, 1912ರ ಬೇಸಿಗೆಯಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅವರು ಗೆದ್ದ ಎರಡೂ ಚಿನ್ನದ ಪದಕಗಳನ್ನು ಕಿತ್ತುಕೊಂಡರು. ಆ ಸ್ಪರ್ಧೆಗಳ ಏಕೈಕ ವಿಜೇತರೆಂಬ ಮನ್ನಣೆ ಮರಳಿದ್ದು 2022ರಲ್ಲಿ, ಅವರು ತೀರಿಹೋಗಿ 69 ವರ್ಷವಾದ ಮೇಲೆ. ಪಂದ್ಯಗಳ ಟಿಕೆಟ್ ಹಣ ಸೇರುತ್ತಿದ್ದ ಶಾಲೆಯ ಕ್ರೀಡಾ ನಿಧಿಯ ಖರ್ಚು 1914ರಲ್ಲಿ ಅಮೆರಿಕ ಸಂಸತ್ತಿನ ಜಂಟಿ ಸಮಿತಿಯ ವಿಚಾರಣೆಗೆ ಬಂತು. 200ಕ್ಕೂ ಹೆಚ್ಚು ವಿದ್ಯಾರ್ಥಿಗಳು ಸಹಿ ಹಾಕಿದ ಮನವಿ ಅದಕ್ಕೆ ಕಾರಣಗಳಲ್ಲೊಂದು. ಆ ಮನವಿಯ ಹಿಂದೆ ನಿಂತವರು, ವೆಸ್ಟ್ ಪಾಯಿಂಟ್‌ನಲ್ಲಿ ಆಟ ನಡೆಸಿದ್ದ ಅದೇ ಗಸ್ ವೆಲ್ಚ್. 1918ರಲ್ಲಿ ಶಾಲೆ ಮುಚ್ಚಿತು, ಬ್ಯಾರಕ್ಕುಗಳು ಮತ್ತೆ ಸೇನೆಯ ವಶವಾದವು. ಅಲ್ಲೇ ತೀರಿಕೊಂಡ ಮಕ್ಕಳ ಗೋರಿಗಳಿಂದ ಅವಶೇಷಗಳನ್ನು ತೆಗೆದು ಅವರವರ ಬುಡಕಟ್ಟುಗಳಿಗೆ ಒಪ್ಪಿಸುವ ಕೆಲಸ 2017ರಲ್ಲಷ್ಟೇ ಆರಂಭವಾಯಿತು.