ಯುಗಾದಿಗೆ ಕೋಳಿ ಗೂಡಿಗೆ ಸುಣ್ಣ ಹಾಕಿದರೆ ಕೊಕ್ಕರೆ ರೋಗ ಬರುವುದಿಲ್ಲವೇ?

ಯುಗಾದಿ ಹತ್ತಿರ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆಗೆ ಸುಣ್ಣ ಬಣ್ಣ ಆಗುತ್ತದೆ, ಅಟ್ಟ ಗುಡಿಸುತ್ತಾರೆ, ಹಿತ್ತಲಿನ ಕೋಳಿ ಗೂಡಿಗೂ ಒಂದು ಸರದಿ ಬರುತ್ತದೆ. ಅದೇ ಹೊತ್ತಿಗೆ ಮೊಬೈಲ್‌ಗಳಲ್ಲಿ ಒಂದು ಸಂದೇಶವೂ ಓಡಾಡುತ್ತದೆ. ಒಕ್ಕಣೆ ಸ್ವಲ್ಪ ಆಚೀಚೆ ಇದ್ದರೂ ಸಾರಾಂಶ ಇಷ್ಟು: "ಹಬ್ಬಕ್ಕೆ ಮುಂಚೆ ಗೂಡಿಗೆ ಸುಣ್ಣದ ಪುಡಿ ಎರಚಿ, ತೆಂಗಿನ ನಾರಿನ ಪುಡಿ ಹಾಸಿ, ಅರಿಶಿನ–ಬೆಳ್ಳುಳ್ಳಿ ನೀರು ಕುಡಿಸಿ. ಕೊಕ್ಕರೆ ರೋಗ ಹತ್ತಿರಕ್ಕೂ ಸುಳಿಯಲ್ಲ. ನಾಟಿ ಕೋಳಿಗೆ ಲಸಿಕೆ ಬೇಕಿಲ್ಲ. ಹತ್ತು ಜನಕ್ಕೆ ಕಳಿಸಿ."

ಇದರಲ್ಲಿ ಅರ್ಧ ಸರಿಯಿದೆ. ತೊಂದರೆ ಇರುವುದೂ ಅಲ್ಲೇ. ಪೂರ್ತಿ ಸುಳ್ಳಾಗಿದ್ದರೆ ಅನುಭವಸ್ಥರು ಮೊದಲೇ ಪಕ್ಕಕ್ಕಿಡುತ್ತಿದ್ದರು. ಗೂಡು ಶುಚಿ ಮಾಡುವುದು ನಿಜವಾಗಿಯೂ ಒಳ್ಳೆಯ ಕೆಲಸ, ಹೇನು, ಉಣ್ಣೆ, ಮರಿಗಳ ರಕ್ತಭೇದಿ ಅದರಿಂದ ಕಡಿಮೆಯಾಗುತ್ತವೆ. ಆದರೆ ಕೊಕ್ಕರೆ ರೋಗವನ್ನು ತಡೆಯುವುದು ಲಸಿಕೆ. ಸುಣ್ಣ ಹಾಕಿದ್ದೇವೆಂದು ಲಸಿಕೆ ಬಿಟ್ಟ ಮನೆಯಲ್ಲಿ ಒಂದೇ ವಾರಕ್ಕೆ ಇಡೀ ಗೂಡು ಖಾಲಿಯಾಗಬಹುದು. ಮೊಟ್ಟೆ, ಕೋಳಿ ಮಾರಿ ಬರುವ ಹಣ ಹೆಚ್ಚಾಗಿ ಮನೆಯ ಹೆಂಗಸರ ಕೈ ಖರ್ಚಿನದು. ಒಂದು ಫಾರ್ವರ್ಡ್ ನಂಬಿದ್ದಕ್ಕೆ ಇದು ದೊಡ್ಡ ಬೆಲೆ.

ಸುಣ್ಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕೊಕ್ಕರೆ ರೋಗಕ್ಕೆ ಇನ್ನೊಂದು ಹೆಸರು ರಾಣಿಖೇತ್ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಗುರುತಿಸಿದ್ದರಿಂದ ಹೊರದೇಶಗಳಲ್ಲಿ ಅದನ್ನು ನ್ಯೂಕ್ಯಾಸಲ್ ರೋಗ ಎನ್ನುತ್ತಾರೆ. ಅದಾದ ಸ್ವಲ್ಪ ಕಾಲಕ್ಕೆ ನಮ್ಮಲ್ಲಿ, ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಕಂಡಿದ್ದರಿಂದ ಆ ಊರಿನ ಹೆಸರು ಅಂಟಿಕೊಂಡಿತು. ಇದಕ್ಕೆ ಕಾರಣ ವೈರಸ್. ಹಸಿರು–ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ಜೋತುಬಿದ್ದ ರೆಕ್ಕೆ, ಬದುಕಿ ಉಳಿದವುಗಳಲ್ಲಿ ಕತ್ತು ತಿರುಚಿಕೊಳ್ಳುವುದು ಇದರ ಲಕ್ಷಣಗಳು. ಲಸಿಕೆ ಇಲ್ಲದ ಕೋಳಿಗಳಲ್ಲಿ ತೀವ್ರ ಬಗೆಯ ವೈರಸ್ ಹೊಕ್ಕರೆ ನೂರಕ್ಕೆ ನೂರೂ ಸಾಯುವುದುಂಟು. ಬಂದ ಮೇಲೆ ಔಷಧಿಯಿಲ್ಲ.

ಹೊಸದಾಗಿ ಅರಳಿಸಿದ ಸುಣ್ಣದ ನೀರು ತೀವ್ರ ಕ್ಷಾರ. ಅದು ತಾಗಿದ ಜಾಗದಲ್ಲಿ ಈ ವೈರಸ್ ಉಳಿಯುವುದು ಕಷ್ಟ, ಇದು ನಿಜ. ಆದರೆ ಹಿತ್ತಲ ಕೋಳಿ ಗೂಡಿನಲ್ಲಿರುವುದು ರಾತ್ರಿ ಮಾತ್ರ. ಬೆಳಗಾದರೆ ತೋಟ, ತಿಪ್ಪೆ, ಪಕ್ಕದ ಮನೆಯ ಹಿತ್ತಲು, ಬಚ್ಚಲ ನೀರು ಎಲ್ಲ ಸುತ್ತುತ್ತದೆ. ವೈರಸ್ ಬರುವುದು ಸಂತೆಯಿಂದ ತಂದ ಕೋಳಿಯ ಜೊತೆ, ಕೋಳಿ ತಂದ ಮಂಕರಿಯ ಜೊತೆ, ವ್ಯಾಪಾರಿಯ ಚಪ್ಪಲಿಗೆ ಅಂಟಿದ ಹಿಕ್ಕೆಯ ಜೊತೆ. ಬೇಸಿಗೆಯಲ್ಲಿ ಜಾತ್ರೆ, ಊರಹಬ್ಬ, ಯುಗಾದಿ ಮಾರನೆಯ ದಿನದ ವರ್ಷತೊಡಕು ಸೇರಿ ಕೋಳಿಗಳು ಊರಿಂದೂರಿಗೆ ಹೋಗುವುದು ಹೆಚ್ಚು. ಗೋಡೆಯ ಸುಣ್ಣ ಈ ಓಡಾಟವನ್ನು ತಡೆಯಲಾರದು.

ಅರಿಶಿನ, ಬೆಳ್ಳುಳ್ಳಿ ಸ್ವಲ್ಪ ಪ್ರಮಾಣದಲ್ಲಿ ಕೋಳಿಗೆ ಹಾನಿಯಲ್ಲ. ಆದರೆ ಈ ವೈರಸ್ಸಿನ ವಿರುದ್ಧ ದೇಹದಲ್ಲಿ ಪ್ರತಿಕಾಯ ಹುಟ್ಟಿಸುವುದು ಅವುಗಳಿಂದ ಆಗದು. "ನಾಟಿ ಕೋಳಿಗೆ ಬರಲ್ಲ" ಎಂಬ ಮಾತೂ ತಪ್ಪು. ನಾಟಿಗೂ ಬರುತ್ತದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜಕ್ಕೂ ಬರುತ್ತದೆ.

ಒದ್ದೆ ಹಾಸಿನ ಮೇಲೆ ಸುಣ್ಣ ಎರಚಬೇಡಿ

ಸಂದೇಶದಲ್ಲಿ ನಮಗೆ ಹೆಚ್ಚು ಅಪಾಯಕಾರಿ ಅನಿಸಿದ್ದು "ಎರಚಿ" ಎಂಬ ಪದ. ಗೂಡಿನಲ್ಲಿ ಮೂಗಿಗೆ ಹೊಡೆಯುವ ಘಾಟು ವಾಸನೆ ಅಮೋನಿಯಾದ್ದು. ಹಿಕ್ಕೆಯಲ್ಲಿರುವ ಸಾರಜನಕ ಒದ್ದೆಯಲ್ಲಿ ಕೊಳೆತಾಗ ಅದು ಹುಟ್ಟುತ್ತದೆ. ಕ್ಷಾರ ಹೆಚ್ಚಿದಷ್ಟೂ ಅಮೋನಿಯಾ ಅನಿಲವಾಗಿ ಮೇಲೇಳುವುದು ಹೆಚ್ಚು. ಸುಣ್ಣ ಕ್ಷಾರ. ಹಾಗಾಗಿ ಹಿಕ್ಕೆ ತುಂಬಿದ ಒದ್ದೆ ಹಾಸಿನ ಮೇಲೆ ಸುಣ್ಣ ಎರಚಿದರೆ ವಾಸನೆ ತಗ್ಗುವ ಬದಲು ಆಗಿಂದಾಗಲೇ ಏರಬಹುದು. ಅಮೋನಿಯಾ ಕೋಳಿಯ ಕಣ್ಣು, ಉಸಿರುನಾಳವನ್ನು ಕೆಣಕುತ್ತದೆ. ಕೆಣಕಿದ ಉಸಿರುನಾಳದೊಳಕ್ಕೆ ರೋಗ ಸುಲಭವಾಗಿ ನುಗ್ಗುತ್ತದೆ.

ಸರಿಯಾದ ಕ್ರಮಕ್ಕೆ ಒಂದೆರಡು ದಿನ ಹಿಡಿಯುತ್ತದೆ. ವರ್ಷತೊಡಕು ಕಳೆದು ಗೂಡಿನಲ್ಲಿ ಕೋಳಿ ಕಡಿಮೆಯಾಗಿರುವ ದಿನಗಳು ಇದಕ್ಕೆ ಅನುಕೂಲ. ಉಳಿದವನ್ನು ಹೊರಗೆ ಬಿಟ್ಟು ಹಳೆ ಹಾಸನ್ನೆಲ್ಲ ಬಾಚಿ ತೆಗೆಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅಂಟಿದ ಹಿಕ್ಕೆ ಕೆರೆದು ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಕೊಳೆಯ ಮೇಲೆಯೇ ಸುಣ್ಣ ಬಳಿದರೂ ಫಿನಾಯಿಲ್ ಸುರಿದರೂ ಕೊಳೆಯೇ ಅದರ ಶಕ್ತಿ ಹೀರಿಬಿಡುತ್ತದೆ. ಒಂದು ದಿನ ಬಿಸಿಲಿಗೆ ಬಿಡಿ. ಬಿಸಿಲನ್ನು ಕಡೆಗಣಿಸಬೇಡಿ: ಮರಿಗಳ ರಕ್ತಭೇದಿಗೆ ಕಾರಣವಾದ ಪರಾವಲಂಬಿಯ ಮೊಟ್ಟೆಯಂಥ ಗುಳಿಗೆಗಳು ಮನೆಬಳಕೆಯ ಫಿನಾಯಿಲ್‌ಗೆ ಜಗ್ಗುವುದಿಲ್ಲ, ಒಣಗಿಸಿದರೆ ನಾಶವಾಗುತ್ತವೆ. ಆಮೇಲೆ ಗೋಡೆ, ನೆಲ, ಕೋಳಿ ಕೂರುವ ಕೋಲು, ಸಂದಿಗೊಂದಿಗಳಿಗೆ ಎರಡು ಸಲ ಸುಣ್ಣ ಬಳಿಯಿರಿ. ಪೂರ್ತಿ ಒಣಗಿದ ಮೇಲಷ್ಟೇ ಕೋಳಿ ಒಳಗೆ, ಹಸಿ ಸುಣ್ಣ ಕಾಲು ಸುಡುತ್ತದೆ. ಗೂಡಿಗೆ ತಗಡಿನ ಮಾಡಿದ್ದರೆ ಉಳಿದ ಸುಣ್ಣವನ್ನು ಅದರ ಮೇಲ್ಭಾಗಕ್ಕೂ ಬಳಿಯಿರಿ, ಏಪ್ರಿಲ್ ಬಿಸಿಲು ಸ್ವಲ್ಪ ತಡೆಯುತ್ತದೆ.

ಸುಣ್ಣದ ಕಲ್ಲು ಅರಳಿಸುವಾಗ ಮಕ್ಕಳನ್ನು ದೂರವಿಡಿ. ನೀರಿಗೆ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಕಲ್ಲಿನ ರಾಶಿಗೆ ನೀರು ಸುರಿದರೆ ಕೊತಕೊತ ಕುದ್ದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಉಜ್ಜದೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಶುದ್ಧ ನೀರು ಹಾಯಿಸುತ್ತಾ ಆಸ್ಪತ್ರೆಗೆ ಹೊರಡಿ.

ಕೋಳಿ ಹೇನೂ ತೆಂಗಿನ ನುಸಿಯೂ ಒಂದಲ್ಲ

ಕೋಳಿಯ ರಕ್ತ ಹೀರುವ ಕೆಲವು ಬಗೆಯ ಹೇನು, ಉಣ್ಣೆಗಳು ಹಗಲು ಕೋಳಿಯ ಮೈಮೇಲೆ ಇರುವುದೇ ಇಲ್ಲ. ಕೂರುವ ಕೋಲಿನ ಅಡಿಯಲ್ಲಿ, ಗೋಡೆಯ ಬಿರುಕಿನಲ್ಲಿ, ಹೆಣೆದ ಗರಿಯ ಮಡಿಕೆಯಲ್ಲಿ ಅಡಗಿದ್ದು ರಾತ್ರಿ ಹೊರಡುತ್ತವೆ. ಹಗಲು ಕೋಳಿ ಹಿಡಿದು ಪುಕ್ಕ ಬಿಡಿಸಿ ನೋಡಿ "ಏನೂ ಇಲ್ಲ" ಎನ್ನುವವರು ಮೋಸ ಹೋಗುವುದು ಹೀಗೆ. ರಾತ್ರಿ ಒಂಬತ್ತರ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಹೋಗಿ, ಕೋಲಿನ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯ ಮೇಲೆ ಕೆಂಪು ಗೆರೆ ಮೂಡಿದರೆ ಅದು ನಿಮ್ಮ ಕೋಳಿಯದೇ ರಕ್ತ. ಉಣ್ಣೆ ಆಹಾರವಿಲ್ಲದೆ ಬಹಳ ಕಾಲ ಬದುಕುತ್ತದೆ, ಹಾಗಾಗಿ ಗೂಡನ್ನು ಕೆಲ ತಿಂಗಳು ಖಾಲಿ ಬಿಟ್ಟರೂ ಹೋಗುವುದಿಲ್ಲ. ಬಿರುಕಿಗೆ ಕುದಿಯುವ ನೀರು ಸುರಿದು, ಒಣಗಿದ ಮೇಲೆ ಸುಣ್ಣ ತುಂಬಿ ಮುಚ್ಚುವುದೇ ದಾರಿ. ಹಳೆ ಗರಿಯ ಮಾಡನ್ನು ಬಿಚ್ಚಿ ದೂರ ಒಯ್ದು ಸುಡಿ. ಇದ್ದಲ್ಲೇ ಬೆಂಕಿ ತೋರಿಸಲು ಹೋದರೆ ಬೇಸಿಗೆಯ ಒಣ ತೋಟದಲ್ಲಿ ಮುಂದೇನಾಗುತ್ತದೆಂದು ನಾವು ಹೇಳಬೇಕಿಲ್ಲ.

ಕೋಳಿಯಿಂದ ತೆಂಗಿಗೆ ನುಸಿ ಹತ್ತುತ್ತದೆ ಎಂಬ ಅನುಮಾನವೂ ಕೆಲವರಿಗಿದೆ. 1990ರ ದಶಕದ ಕೊನೆಯಿಂದ ತೆಂಗು ಬೆಳೆಗಾರರನ್ನು ಕಾಡುತ್ತಿರುವ ನುಸಿ ಎಳೆಗಾಯಿಯ ರಸ ಹೀರುವ ಜೀವಿ. ಅದು ಗಾಳಿಯಲ್ಲಿ ತೇಲಿ ಹರಡುತ್ತದೆ. ಅದಕ್ಕೆ ರಕ್ತ ಬೇಡ, ಕೋಳಿ ಹೇನಿಗೆ ತೆಂಗು ಬೇಡ.

ಗೂಡಿನ ಮೂಲೆಯಲ್ಲಿ ಒಣ ಮಣ್ಣಿಗೆ ಜರಡಿ ಹಿಡಿದ ಸೌದೆ ಬೂದಿ ಬೆರೆಸಿಟ್ಟರೆ ಕೋಳಿ ತಾನೇ ಹೊರಳಾಡಿ ಮೈಮೇಲಿನ ಹೇನನ್ನು ಕಡಿಮೆ ಮಾಡಿಕೊಳ್ಳುತ್ತದೆ. ಅಜ್ಜಿಯರ ಈ ಉಪಾಯ ಸರಿಯಾದದ್ದೇ. ತೋಟಕ್ಕೆ ತಂದು ಉಳಿದ ಕೀಟನಾಶಕವನ್ನು ಕೋಳಿಯ ಮೈಗೆ ಹಚ್ಚುವುದು ಮಾತ್ರ ಖಂಡಿತ ಬೇಡ. ಕಪ್ಪು ತಲೆ ಹುಳುವಿಗೆಂದು ತೆಂಗಿನ ಬೇರಿಗೆ ಕಟ್ಟುತ್ತಿದ್ದ ಮೊನೊಕ್ರೊಟೊಫಾಸ್ ಹಕ್ಕಿಗಳಿಗೆ ಅತಿ ಘೋರ ವಿಷ, 1990ರ ದಶಕದ ನಡುವೆ ಅರ್ಜೆಂಟೀನಾದಲ್ಲಿ ಅದರಿಂದ ಸಾವಿರಾರು ಗಿಡುಗಗಳು ಸತ್ತವು. ಹಿಂದೆ ಮನೆಮನೆಯಲ್ಲಿದ್ದ ಬಿಎಚ್‌ಸಿ ಪುಡಿಯನ್ನು 1997ರಲ್ಲೇ ನಿಷೇಧಿಸಲಾಗಿದೆ. ಅದು ಕೋಳಿಯ ಕೊಬ್ಬಿನಲ್ಲಿ ಕೂತು ಮೊಟ್ಟೆಯ ಮೂಲಕ ನಮ್ಮ ತಟ್ಟೆಗೇ ಬರುತ್ತದೆ.

ನಾರಿನ ಪುಡಿ: ಒಣಗಿದ್ದರೆ ಚಿನ್ನ

ನಮ್ಮ ಸೀಮೆಗೆ ಇದು ಅಗ್ಗದ, ಒಳ್ಳೆಯ ಹಾಸು. ನಾರು ತೆಗೆದ ಮೇಲೆ ಉಳಿಯುವ ಪುಡಿ ತನ್ನ ತೂಕದ ಐದಾರು ಪಟ್ಟು ನೀರು ಹೀರಬಲ್ಲದು. ಆದರೆ ಅಷ್ಟನ್ನೂ ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದನ್ನು ಮರೆಯಬಾರದು. ನಾರಿನ ಕಾರ್ಖಾನೆಯ ಹೊರಗೆ ಮಳೆಗೆ ನೆನೆದು ಬಿದ್ದ ರಾಶಿಯಿಂದ ನೇರ ತಂದು ಹಾಸಿದರೆ ಬೂಷ್ಟನ್ನೇ ಹಾಸಿದಂತೆ, ಅದರ ಬೀಜಕಣಗಳು ಮರಿಗಳ ಶ್ವಾಸಕೋಶ ಸೇರುತ್ತವೆ. ಎರಡು ಮೂರು ದಿನ ಬಿಸಿಲಿಗೆ ಹರಡಿ ಒಣಗಿಸಿ, ಮೂರು ನಾಲ್ಕು ಅಂಗುಲ ಹಾಸಿ, ವಾರಕ್ಕೆ ಎರಡು ಸಲ ಕೆದಕಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಉಂಡೆ ಉಂಡೆಯಾಗಿಯೇ ನಿಂತರೆ ಒದ್ದೆಯಾಗಿದೆ, ತೆಗೆಯಿರಿ. ಉದುರಿಹೋದರೆ ಸರಿಯಿದೆ.

ತೆಗೆದ ಹಳೆ ಹಾಸನ್ನು ತೆಂಗಿನ ಬುಡಕ್ಕೆ ನೇರವಾಗಿ ಸುರಿಯಬೇಡಿ, ಗೊಬ್ಬರ ಮಾಡಿ ಹಾಕಿ. ಬರೀ ನಾರಿನ ಪುಡಿ ಕಳಿಯಲು ಬಹಳ ಸಮಯ ತೆಗೆದುಕೊಳ್ಳುತ್ತದೆ, ಕೋಳಿ ಹಿಕ್ಕೆಯ ಸಾರಜನಕ ಸೇರಿದರೆ ಬೇಗ ಕಳಿಯುತ್ತದೆ. ಇಂಥ ಗುಂಡಿಯಲ್ಲೇ ತೆಂಗಿನ ಸುಳಿ ಕೊರೆಯುವ ದುಂಬಿ ಮೊಟ್ಟೆ ಇಡುತ್ತದೆ. ಗೊಬ್ಬರ ಮಗುಚುವ ದಿನ ಕೋಳಿಗಳನ್ನು ಅತ್ತ ಬಿಟ್ಟು ನೋಡಿ, ದಪ್ಪ ಬಿಳಿ ಹುಳು ಒಂದೂ ಉಳಿಯುವುದಿಲ್ಲ.

ಅಟ್ಟದಿಂದ ಬಿದ್ದ ಕೊಬ್ಬರಿ

ಸಂದೇಶದಲ್ಲಿ ಇಲ್ಲದ, ಆದರೆ ಇಲ್ಲಿನ ಮನೆಗಳಲ್ಲಿ ಹಬ್ಬದ ಶುಚಿಯ ಜೊತೆಗೇ ನಡೆಯುವ ಒಂದು ವಿಷಯ ಹೇಳಲೇಬೇಕು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗುವ ಉಂಡೆ ಕೊಬ್ಬರಿಯಲ್ಲಿ ಕೆಲವು ಒಡೆದು, ನೀರಾಡಿ, ಬೂಷ್ಟು ಹಿಡಿದಿರುತ್ತವೆ. ತಿಪಟೂರು ಮಾರುಕಟ್ಟೆಯಲ್ಲಿ ಅದನ್ನು ಕೊಳ್ಳುವವರಿಲ್ಲ, ಅಟ್ಟ ಗುಡಿಸುವಾಗ ಕೋಳಿಗೆ ಎಸೆಯುತ್ತೇವೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಪತ್ತೆಯಾಗಿದ್ದೇ ಕೋಳಿಯ ಬಂಧುಗಳಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬೂಷ್ಟು ಒರೆಸಿ ಬಿಸಿಲಿಗಿಟ್ಟರೂ ಕುದಿಸಿದರೂ ವಿಷ ಉಳಿಯುತ್ತದೆ. ಸ್ವಲ್ಪ ಸ್ವಲ್ಪವೇ ಸೇರಿದರೆ ಕೋಳಿ ಸಾಯದಿರಬಹುದು, ಆದರೆ ಯಕೃತ್ತು ಕೆಡುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಹಾಕಿಸಿದ ಲಸಿಕೆಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೂಷ್ಟಿಲ್ಲದ ಕೊಬ್ಬರಿ ಹಿಂಡಿಯನ್ನು ಇತರ ಆಹಾರದ ಜೊತೆ ಮಿತವಾಗಿ ಕೊಡಲು ಅಡ್ಡಿಯಿಲ್ಲ.

ಲಸಿಕೆ: ನಾಲ್ಕು ಮನೆ ಸೇರಿದರೆ ಸುಲಭ

ಸಾಮಾನ್ಯ ಕ್ರಮ ಹೀಗಿದೆ. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಎಫ್ ಅಥವಾ ಲಸೋಟಾ ಲಸಿಕೆ, ಸುಮಾರು ನಾಲ್ಕು ವಾರಕ್ಕೆ ಮತ್ತೆ ಲಸೋಟಾ, 8ರಿಂದ 10 ವಾರಕ್ಕೆ ಆರ್‌2ಬಿ ಚುಚ್ಚುಮದ್ದು. ದೊಡ್ಡ ಕೋಳಿಗಳಿಗೆ ಮತ್ತೆ ಯಾವಾಗ ಎನ್ನುವುದನ್ನು ಪಶುವೈದ್ಯರು ಹೇಳುತ್ತಾರೆ. ರಕ್ಷಣೆ ಹುಟ್ಟಲು ಸುಮಾರು ಎರಡು ವಾರ ಬೇಕು, ಹಾಗಾಗಿ ಪಕ್ಕದ ಬೀದಿಯಲ್ಲಿ ಕೋಳಿ ಸಾಯತೊಡಗಿದ ಮೇಲೆ ಓಡಿದರೆ ತಡವಾಗಿರುತ್ತದೆ. ಆಗಲೇ ಕಾಯಿಲೆ ಬಿದ್ದ ಕೋಳಿಗೆ ಲಸಿಕೆಯಿಂದ ಪ್ರಯೋಜನವಿಲ್ಲ.

ಜನ ಲಸಿಕೆ ಬಿಡುವುದಕ್ಕೆ ಫಾರ್ವರ್ಡ್ ಒಂದೇ ಕಾರಣವಲ್ಲ ಎಂದು ನಮಗೂ ಗೊತ್ತು. ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಮನೆಯಲ್ಲಿರುವುದು ಆರು ಕೋಳಿ. ಸೀಸೆ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಬೀದಿಯವರೆಲ್ಲ ಒಂದು ದಿನ ಗೊತ್ತು ಮಾಡಿಕೊಂಡು, ಮೊದಲೇ ಹತ್ತಿರದ ಪಶು ಆಸ್ಪತ್ರೆಯಲ್ಲಿ ಹೇಳಿಟ್ಟು, ಬೆಳಿಗ್ಗೆ ಗೂಡು ತೆರೆಯುವ ಮುಂಚೆ ಹಾಕಿಸಿದರೆ ಕೋಳಿ ಹಿಡಿಯುವ ಓಟವೂ ತಪ್ಪುತ್ತದೆ. ತರುವಾಗ ಐಸ್ ಹಾಕಿದ ಫ್ಲಾಸ್ಕ್ ಬೇಕು. ಅಂಗಿ ಜೇಬಿನಲ್ಲಿ ಬಂದ ಸೀಸೆ ಬರೀ ನೀರಿದ್ದಂತೆ. ಕುಡಿಯುವ ನೀರಿನಲ್ಲಿ ಬೆರೆಸುವ ಲಸಿಕೆಯಾದರೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬಳಸಬೇಡಿ, ಕ್ಲೋರಿನ್ ಲಸಿಕೆಯನ್ನೇ ಕೊಲ್ಲುತ್ತದೆ. ಕೋಳಿ ಸಾಕಣೆಯ ಸಲಹೆಗೆ ತಿಪಟೂರು ತಾಲ್ಲೂಕಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರವಿದೆ, ಪಶುವೈದ್ಯಕೀಯ ಸಹಾಯವಾಣಿಯ ಸಂಖ್ಯೆ 1962.

ವರ್ಷತೊಡಕಿನ ನಂತರ ಖಾಲಿ ಗೂಡಿಗೆ ಸಂತೆಯಿಂದ ಹೊಸ ಕೋಳಿ ತಂದರೆ ಎರಡು ವಾರ ಬೇರೆ ಮಂಕರಿಯಲ್ಲಿ, ಬೇರೆ ನೀರಿನ ಚಿಪ್ಪಿಟ್ಟು ಸಾಕಿ. ದಿನಾ ಮೊದಲು ಹಳೆಯವಕ್ಕೆ ಕಾಳು ಹಾಕಿ, ಆಮೇಲೆ ಹೊಸದರ ಬಳಿ ಹೋಗಿ, ಕೈಕಾಲು ತೊಳೆಯಿರಿ. ಹಲವು ಕೋಳಿ ಒಟ್ಟಿಗೆ ಸತ್ತರೆ ಹಕ್ಕಿ ಜ್ವರವೂ ಇರಬಹುದು, 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳಿಗೆ ಅದು ಬಂದಿತ್ತು. ಸತ್ತವನ್ನು ಕೊಯ್ಯಬೇಡಿ, ತಿನ್ನಬೇಡಿ, ಕೆರೆಗೂ ತಿಪ್ಪೆಗೂ ಎಸೆಯಬೇಡಿ. ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಅವರು ಹೂಳಲು ಹೇಳಿದರೆ ನಾಯಿ ಕೆದಕದಷ್ಟು ಆಳದ ಗುಂಡಿ ತೋಡಿ, ಮೇಲೆ ಸುಣ್ಣ ಹಾಕಿ ಮುಚ್ಚಿ.